ಚಂದ್ರತಲದ ಲಘುವಾಹನ: ಪ್ರಜ್ಞಾನದ ರಚನೆಯ ವಿವೇಚನೆ

2023ನೆಯ ಇಸವಿ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ದಕ್ಷಿಣ ಧ್ರುವದ ಕಡೆಯ ಪ್ರದೇಶದಲ್ಲಿ ಇಳಿದುದೂ, ಅದರ ಒಡಲಿನಿಂದ ಪ್ರಜ್ಞಾನ್ ಎಂಬ ಯಂತ್ರವಾಹನ ಹೊರಬಂದು ನೆಲದ ಮೇಲೆ ಸಂಚರಿಸಿದುದೂ ವಾಚಕರಿಗೆ ವಿದಿತವೇ ಇದೆ. ಆ ವಾಹನದ ತೂಕ 26 ಕಿಲೋಗ್ರಾಂ ಮಾತ್ರ. ಇಷ್ಟು ಹಗುರವಾದುದನ್ನು ಏಕೆ ರಚಿಸಿದರು, ಆ ಲಾಘವದಿಂದ ಲಭಿಸಿದುದೇನು, ಅದಕ್ಕಾಗಿ ತೆತ್ತ ಬೆಲೆಯೇನು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಅಭ್ಯಸಿಸುವವರು ಇದನ್ನು ವಿಜ್ಞಾನದವರ ವಿಷಯವೆಂದು ಬದಿಗಿಡುವ ಸಂಭವವುಂಟು. ಆದರೆ ನಾಣ್ಯ, ನೇಗಿಲು, ನೀರೆತ್ತುವ ಸಾಧನಗಳಂತೆ ಇಂತಹ ಯಂತ್ರವೂ ತನ್ನನ್ನು ನಿರ್ಮಿಸಿದವರ ಸಂಪತ್ತು, ಮಿತಿ ಮತ್ತು ನಿರ್ಣಯಗಳಿಗೆ ಸಾಕ್ಷಿಯಾಗಿದೆ.

ಚಂದ್ರನ ಮೇಲೆ ಮೊದಲು ಸಂಚರಿಸಿದ ಯಂತ್ರವಾಹನ ಸೋವಿಯತ್ ಒಕ್ಕೂಟದ ಲುನೊಖೋದ್-1. 1970ರ ನವೆಂಬರಿನಲ್ಲಿ ಇಳಿದ ಅದರ ತೂಕ 756 ಕಿಲೋಗ್ರಾಂ. 2013ರಲ್ಲಿ ಇಳಿದ ಚೀನದ ಯುಟು ಸುಮಾರು 140 ಕಿಲೋಗ್ರಾಂ ತೂಗುತ್ತಿದ್ದಿತು. ಇವುಗಳ ಮುಂದೆ ನಮ್ಮ ವಾಹನ ಕಿರಿದೆಂದು ತೋರುವುದು ಸಹಜ. ಆದರೆ ಲೆಕ್ಕವನ್ನು ನೋಡಬೇಕು. ಚಂದ್ರಯಾನ-3ರ ಒಟ್ಟು ತೂಕ 3,900 ಕಿಲೋಗ್ರಾಂ. ಅದರಲ್ಲಿ ವಾಹನವೂ ಸೇರಿದಂತೆ ಇಳಿಯುವ ನೌಕೆಯ ಪಾಲು 1,752. ಅಂದರೆ ನೆಲದ ಮೇಲೆ ಸಂಚರಿಸಿದ ಒಂದೊಂದು ಕಿಲೋಗ್ರಾಮಿಗೆ ಭೂಮಿಯಿಂದ 150 ಕಿಲೋಗ್ರಾಂ ಕಳುಹಿಸಬೇಕಾಯಿತು. ಚಂದ್ರನಲ್ಲಿ ಗಾಳಿಯಿಲ್ಲದ ಕಾರಣ ಧುಮುಕುಕೊಡೆಯಿಂದ ಪ್ರಯೋಜನವಿಲ್ಲ. ವೇಗವನ್ನೆಲ್ಲ ಇಂಧನವನ್ನು ಉರಿಸಿಯೇ ತಗ್ಗಿಸಬೇಕು. ಆದಕಾರಣ ವಾಹನದ ತೂಕ ಹೆಚ್ಚಿದಂತೆಲ್ಲ ಇಂಧನದ ಹೊರೆ ಅದಕ್ಕಿಂತಲೂ ಹೆಚ್ಚಾಗಿ ಬೆಳೆಯುತ್ತದೆ.

ಹಗುರವಾದ ವಾಹನಕ್ಕೆ ನೆಲದ ಮೇಲೆಯೂ ತೊಡಕುಗಳುಂಟು. ಮಳೆಗಾಲದಲ್ಲಿ ಯಲಬುರ್ಗಾ ಕಡೆಯ ಎರೆಹೊಲಕ್ಕೆ ತುಂಬಿದ ಬಂಡಿಯನ್ನು ಇಳಿಸಿದವರಿಗೆ ಭಾರದಿಂದ ಗಾಲಿ ಹೂತುಹೋಗುವುದು ಗೊತ್ತು. ಚಂದ್ರನಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಅಲ್ಲಿಯ ಆಕರ್ಷಣೆ ಭೂಮಿಯದರ ಆರರಲ್ಲೊಂದು ಪಾಲಾದುದರಿಂದ 26 ಕಿಲೋಗ್ರಾಮಿನ ವಾಹನ ಇಲ್ಲಿಯ ನಾಲ್ಕೂಕಾಲು ಕಿಲೋಗ್ರಾಮಿನಷ್ಟೇ ನೆಲವನ್ನು ಒತ್ತುತ್ತದೆ. ಒತ್ತು ಸಾಲದಿದ್ದರೆ ಗಾಲಿ ಸಡಿಲವಾದ ಧೂಳಿನಲ್ಲಿ ಹಿಡಿತ ಸಿಕ್ಕದೆ ನಿಂತಲ್ಲೇ ಸುತ್ತುವುದು. ಪ್ರಜ್ಞಾನಕ್ಕೆ ಆರು ಗಾಲಿಗಳನ್ನಿಟ್ಟು, ಒಂದು ಗಾಲಿ ಕಲ್ಲನ್ನೇರಿದಾಗಲೂ ಉಳಿದವು ನೆಲವನ್ನು ಬಿಡದಂತೆ ಸನ್ನೆಗಳಿಂದ ಜೋಡಿಸಿದುದು ಈ ಕಾರಣಕ್ಕಾಗಿಯೇ.

ಭೂಮಿಯೊಡನೆ ನೇರವಾಗಿ ಮಾತನಾಡುವ ದೊಡ್ಡ ಸಾಧನವನ್ನು ಅದರಲ್ಲಿ ಅಳವಡಿಸಲಿಲ್ಲ. ಅದು ವಿಕ್ರಮ್ ನೌಕೆಗೆ ಹೇಳುವುದು, ನೌಕೆ ಭೂಮಿಗೆ ತಿಳಿಸುವುದು. ಅದಕ್ಕೆ ದೊರೆತ ವಿದ್ಯುತ್ತು 50 ವ್ಯಾಟ್, ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಎಲ್ಲಿಯೂ ನಿಲ್ಲದೆ ನಡೆದರೆ ನೂರು ಮೀಟರನ್ನು ಮೂರು ಗಂಟೆಯೊಳಗೆ ಮುಗಿಸಬಹುದಾಗಿದ್ದಿತು. ಆದರೆ ದಾರಿಯನ್ನು ಪರೀಕ್ಷಿಸುತ್ತ, ಅಪ್ಪಣೆಗೆ ಕಾಯುತ್ತ, ಅಳತೆಗಳನ್ನು ಮಾಡುತ್ತ ಸುಮಾರು ಹತ್ತು ದಿನಗಳಲ್ಲಿ ಅದು ಕ್ರಮಿಸಿದುದು ನೂರು ಮೀಟರಿಗೆ ತುಸು ಹೆಚ್ಚು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಕಂಡಾಗ, ಬಂದ ದಾರಿಯಲ್ಲೇ ಹಿಂದಿರುಗುವಂತೆ ಅದಕ್ಕೆ ಆಜ್ಞೆಯಾಯಿತು. ಈ ಮಂದಗತಿಯಲ್ಲೇ ಅದು 23 ಸ್ಥಳಗಳಲ್ಲಿ ಮಣ್ಣಿನ ಧಾತುಗಳನ್ನು ಅಳೆಯಿತು; ಗಂಧಕವಿರುವುದನ್ನೂ ದೃಢಪಡಿಸಿತು.

ಲಾಘವಕ್ಕೆ ತೆತ್ತ ಬೆಲೆ ಆಯುಷ್ಯ. ಚಂದ್ರನ ರಾತ್ರಿ ನಮ್ಮ ಹದಿನಾಲ್ಕು ದಿನಗಳಷ್ಟು ದೀರ್ಘವಾದುದು. ಲುನೊಖೋದಿನಲ್ಲಿ ವಿಕಿರಣಧಾತುವಿನ ಕಾವು ಇದ್ದುದರಿಂದ ಅದು ಹಲವು ರಾತ್ರಿಗಳನ್ನು ಕಳೆದು ಹತ್ತು ಕಿಲೋಮೀಟರಿಗೂ ಹೆಚ್ಚು ಸಂಚರಿಸಿತು. ಅಂತಹ ಕಾವಿಲ್ಲದ ಪ್ರಜ್ಞಾನವನ್ನು ಸೆಪ್ಟೆಂಬರ್ 2ರಂದು ನಿದ್ರಾವಸ್ಥೆಗೆ ಒಯ್ದರು. ಮತ್ತೆ ಬೆಳಗಾದಾಗ ಕರೆದರೂ ಅದು ಉತ್ತರಿಸಲಿಲ್ಲ. ಆದರೆ ಒಂದು ಚಂದ್ರದಿನದ ಕೆಲಸಕ್ಕೆಂದೇ ರಚಿತವಾದುದು ಆ ಅವಧಿಯನ್ನು ಪೂರೈಸಿದರೆ ಅದನ್ನು ವಿಫಲವೆನ್ನಲಾಗದು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ನೌಕೆ ನೆಲಕ್ಕಪ್ಪಳಿಸಿದಾಗ ಅದರೊಳಗಿದ್ದ 27 ಕಿಲೋಗ್ರಾಮಿನ ವಾಹನ ಒಂದು ಹೆಜ್ಜೆಯನ್ನೂ ಇಡದೆ ನಾಶವಾಗಿದ್ದುದನ್ನು ಇಲ್ಲಿ ನೆನೆಯಬೇಕು. ನೌಕೆ ಸುರಕ್ಷಿತವಾಗಿ ಇಳಿಯುವುದೇ ಮೊದಲ ಸಮಸ್ಯೆಯಾಗಿದ್ದಾಗ ವಾಹನವನ್ನು ಭಾರಗೊಳಿಸದಿದ್ದುದು ವಿವೇಕವೇ ಸರಿ.

ಇತಿಹಾಸದ ವಿದ್ಯಾರ್ಥಿ ಗಮನಿಸತಕ್ಕ ಇನ್ನೊಂದು ಅಂಶವಿದೆ. ಪ್ರಜ್ಞಾನದ ಹಿಂಗಾಲಿಗಳಲ್ಲಿ ಅಶೋಕನ ಸಿಂಹಲಾಂಛನವನ್ನು ಕೊರೆದಿದ್ದರು. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಆ ಸಾಮ್ರಾಟನ ಶಾಸನಗಳನ್ನು ಉಳಿಸಿಕೊಂಡಿರುವ ಕೊಪ್ಪಳದವರಿಗೆ ಇದು ಆಪ್ತವೆನಿಸೀತು. ಆದರೆ ಚಂದ್ರನ ನೆಲದಲ್ಲಿ ಲಾಂಛನದ ಅಚ್ಚು ಸ್ಪಷ್ಟವಾಗಿ ಮೂಡಲಿಲ್ಲ. ಅಲ್ಲಿಯ ಮಣ್ಣು ನುಣ್ಣನೆಯ ಧೂಳಾಗಿರದೆ ಹೆಂಟೆಹೆಂಟೆಯಾಗಿದ್ದುದೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಭಾವಿಸಿದರು. ಸವೆದ ಅಕ್ಷರದಿಂದ ಬಂಡೆಯ ಸ್ಥಿತಿಯನ್ನು ಊಹಿಸುವ ಶಾಸನಜ್ಞನ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಜಪಾನಿನೊಡನೆ ಕೂಡಿ ನಡೆಸಲಿರುವ ಚಂದ್ರಯಾನ-5ರಲ್ಲಿ ಸುಮಾರು 250 ಕಿಲೋಗ್ರಾಮಿನ ವಾಹನವನ್ನು ಕಳುಹಿಸುವ ಯೋಜನೆಗೆ 2025ರಲ್ಲಿ ಸರ್ಕಾರದ ಒಪ್ಪಿಗೆ ದೊರೆತಿದೆ. ಅದೇ ಜಪಾನ್ 2024ರ ಜನವರಿಯಲ್ಲಿ ಸುಮಾರು ಕಾಲು ಕಿಲೋಗ್ರಾಮಿನ ಚೆಂಡಿನಾಕಾರದ ವಾಹನವೊಂದನ್ನು ಚಂದ್ರನ ಮೇಲೆ ಉರುಳಿಸಿದುದೂ ಉಂಟು. ಆದ್ದರಿಂದ ಹಗುರದಿಂದ ಭಾರಕ್ಕೆ ಸಾಗುವುದೇ ಪ್ರಗತಿಯೆಂದು ವಿದ್ಯಾರ್ಥಿಗಳಿಗೆ ಬೋಧಿಸುವುದು ಸಮಂಜಸವಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು, ಅದಕ್ಕೆ ಎಷ್ಟು ಭಾರ ಸಾಕು ಎಂದು ಪ್ರತಿಯೊಂದು ಯಾತ್ರೆಯ ವಿಷಯದಲ್ಲಿಯೂ ಮೊದಲು ಕೇಳುವುದನ್ನು ಅವರಿಗೆ ಕಲಿಸಬೇಕು.