ಮಂಗಳನ ಬಂಡಿಯೂ ಮನೆಯ ಸಂದೇಹವೂ

ಸಂದೇಹಪಡುವುದು ತಪ್ಪಲ್ಲ. ನಮ್ಮ ನ್ಯಾಯಶಾಸ್ತ್ರವು ಎಣಿಸಿರುವ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನವಿರುತ್ತದೆ. ಸಂಶಯವಿಲ್ಲದವನಿಗೆ ವಿಚಾರವಿಲ್ಲ, ವಿಚಾರವಿಲ್ಲದವನಿಗೆ ನಿರ್ಣಯವಿಲ್ಲ. ಆದರೆ ಅದೇ ಪಟ್ಟಿಯಲ್ಲಿ ನಿರ್ಣಯವು ಒಂಬತ್ತನೆಯದಾದರೆ ವಿತಂಡೆಯು ಹನ್ನೆರಡನೆಯದು. ತನ್ನದೆಂಬ ಯಾವ ಪಕ್ಷವನ್ನೂ ಸ್ಥಾಪಿಸದೆ, ಎದುರಿನವನ ಮಾತನ್ನು ಅಲ್ಲಗಳೆಯುವುದನ್ನೇ ಕೆಲಸವಾಗಿಸಿಕೊಂಡ ವಾದಕ್ಕೆ ವಿತಂಡೆಯೆಂದು ಹೆಸರು. ಸಂಶಯದ ಹೊಸಿಲಿನಿಂದ ಹೊರಟವನು ನಿರ್ಣಯಕ್ಕೂ ಹೋಗಬಹುದು, ವಿತಂಡೆಗೂ ಹೋಗಬಹುದು. ಮಂಗಳಗ್ರಹದಲ್ಲಿ ಓಡಾಡುವ ಬಂಡಿಗಳ ವಿಷಯವಾಗಿ ಈಗ ಮನೆಮನೆಗಳಲ್ಲಿ ಕೇಳಿಬರುವ ಮಾತುಗಳನ್ನು ಈ ಭೇದದ ಬೆಳಕಿನಲ್ಲಿ ನೋಡಬೇಕೆಂಬುದೇ ನಮ್ಮ ಉದ್ದೇಶ.

ನಾವು ವಾಸಿಸುವ ಗೋವಿಂದರಾಜನಗರದಲ್ಲಿ ಸಂಜೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತವರು, “ಏನ್ರೀ ಮೇಷ್ಟ್ರೇ, ಅದೆಲ್ಲಾ ಕೆನಡಾದ ಯಾವುದೋ ದ್ವೀಪದಲ್ಲಿ ತೆಗೆದ ಸಿನಿಮಾ ಅಂತೆ, ನೀವೂ ನಂಬ್ತೀರಾ?” ಎಂದು ಕೇಳುವುದುಂಟು. ಮೊಬೈಲ್ ಫೋನಿನಲ್ಲಿ ಬಂದ ಮಾತು ಹೀಗೆ ಹಿರಿಯರ ಬಾಯಿಗೂ, ಅಲ್ಲಿಂದ ಮಕ್ಕಳ ಕಿವಿಗೂ ಬೀಳುತ್ತದೆ. ವಿಜ್ಞಾನದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ ಹುಡುಗನಿಗೆ ತಾತನೇ “ಇದೆಲ್ಲಾ ಸುಳ್ಳು ಕಣೋ” ಎಂದುಬಿಟ್ಟರೆ ಆ ಮಗುವಿನ ಓದು ಅಲ್ಲಿಗೇ ಬಾಡುವುದು. ಆದುದರಿಂದ ಇದು ಕಾಲಹರಣದ ಹರಟೆ ಮಾತ್ರವಲ್ಲ.

ಮೊದಲಿಗೆ ಹತ್ತಿರದ ಸಂಗತಿಯನ್ನೇ ನೋಡೋಣ. ನಮ್ಮ ಬಡಾವಣೆಯಿಂದ ಪಶ್ಚಿಮಕ್ಕೆ, ಕೆಂಗೇರಿಯ ಆಚೆ, ಬ್ಯಾಲಾಳು ಎಂಬ ಗ್ರಾಮವಿದೆ. ಅಲ್ಲಿ ೩೨ ಮೀಟರ್ ಅಗಲದ ಬೃಹತ್ತಾದ ಬೋಗುಣಿಯಂತಹ ಆಂಟೆನಾ ೨೦೦೮ರಿಂದ ಆಕಾಶಕ್ಕೆ ಮುಖವೊಡ್ಡಿ ನಿಂತಿದೆ. ೨೦೧೩ರ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಹೊರಟ ಮಂಗಳಯಾನವು ೨೦೧೪ರ ಸೆಪ್ಟೆಂಬರ್ ೨೪ರ ಬೆಳಿಗ್ಗೆ ಮಂಗಳನ ಕಕ್ಷೆಯನ್ನು ಸೇರಿತು. ಅಂದು ಆ ಗ್ರಹವು ನಮ್ಮಿಂದ ಸುಮಾರು ೨೨ ಕೋಟಿ ಕಿಲೋಮೀಟರ್ ದೂರದಲ್ಲಿದ್ದಿತು. ಬೆಳಕಿನ ವೇಗದಲ್ಲಿ ಬರುವ ಸಂಕೇತಕ್ಕೂ ೧೨ ನಿಮಿಷಗಳಿಗಿಂತ ಹೆಚ್ಚು ಕಾಲ ಬೇಕಾಗಿದ್ದಿತು. ನೌಕೆಯನ್ನು ನಡೆಸಿದವರು ಪೀಣ್ಯದ ನಿಯಂತ್ರಣ ಕೇಂದ್ರದವರು. ಅದರ ಜಾಡನ್ನು ಹಿಡಿಯಲು ಅಮೆರಿಕದವರ ದೂರಾಕಾಶ ಕೇಂದ್ರಗಳೂ ನೆರವಾದುವು. ಇಲ್ಲಿ ಒಂದು ಭ್ರಮೆಯನ್ನು ತಿದ್ದಬೇಕಾಗಿದೆ: ಮಂಗಳಯಾನದಲ್ಲಿ ಬಂಡಿಯಿರಲಿಲ್ಲ, ಅದು ಇಳಿಯಲೂ ಇಲ್ಲ, ಇಳಿಯಿತೆಂದು ನಮ್ಮವರು ಎಂದೂ ಹೇಳಲೂ ಇಲ್ಲ. ಆರು ತಿಂಗಳಿಗೆಂದು ಕಟ್ಟಿದ ಆ ನೌಕೆಯು ಸುಮಾರು ಎಂಟು ವರ್ಷ ಸುತ್ತಿ, ೨೦೨೨ರಲ್ಲಿ ಸಂಪರ್ಕವನ್ನು ಕಳೆದುಕೊಂಡಿತು. ಮಂಗಳನ ನೆಲದ ಮೇಲೆ ಬಂಡಿಗಳನ್ನು ಓಡಿಸಿದವರು ಅಮೆರಿಕದವರು ಮತ್ತು ಚೀನದವರು.

ಇನ್ನು ಆಕ್ಷೇಪಗಳನ್ನು ಒಂದೊಂದಾಗಿ ವಿಚಾರಿಸುವ.

“ಬಂಡಿಯ ಚಿತ್ರವನ್ನೇ ಕಳುಹಿಸಿದ್ದಾರೆ, ಅದನ್ನು ತೆಗೆದವರು ಯಾರು?” ಎಂಬುದು ಮೊದಲನೆಯದು. ೨೦೧೨ರ ಆಗಸ್ಟಿನಲ್ಲಿ ಇಳಿದ ಕ್ಯೂರಿಯಾಸಿಟಿ ಬಂಡಿಗೆ ಸುಮಾರು ೭ ಅಡಿ ಉದ್ದದ ಯಂತ್ರದ ತೋಳಿದ್ದು, ಅದರ ತುದಿಯಲ್ಲಿ ಕ್ಯಾಮೆರಾ ಇದೆ. ತೋಳನ್ನು ಬೇರೆ ಬೇರೆ ಕಡೆಗೆ ತಿರುಗಿಸಿ ಹತ್ತಾರು ಚಿತ್ರಗಳನ್ನು ತೆಗೆದು ಜೋಡಿಸುವಾಗ, ತೋಳು ಕಾಣದ ಭಾಗಗಳನ್ನು ಆರಿಸಿಕೊಳ್ಳುತ್ತಾರೆ. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ.

“ಆಕಾಶದ ಬಣ್ಣವನ್ನು ಬದಲಾಯಿಸಿದರು” ಎಂಬುದು ಎರಡನೆಯದು. ಇದರಲ್ಲಿ ಸತ್ಯದ ಒಂದು ಎಳೆಯುಂಟು. ೧೯೭೬ರ ಜುಲೈಯಲ್ಲಿ ವೈಕಿಂಗ್ ನೌಕೆಯ ಮೊದಲ ವರ್ಣಚಿತ್ರದಲ್ಲಿ ಆಕಾಶವು ನೀಲಿಯ ಕಡೆಗೆ ಕಂಡಿತ್ತು. ಬಣ್ಣಗಳನ್ನು ಸರಿಯಾಗಿ ಅಳೆದ ಮೇಲೆ ನಸುಗೆಂಪೆಂದು ತಿದ್ದಿದರು. ತಿದ್ದಿದುದನ್ನು ಬಹಿರಂಗವಾಗಿ ಹೇಳಿಯೇ ತಿದ್ದಿದರು. ಆ ಕೆಂಪಿಗೆ ಗಾಳಿಯಲ್ಲಿ ತೇಲುವ ಧೂಳೇ ಕಾರಣ. ಸೂರ್ಯಾಸ್ತದ ಸುತ್ತ ಮಾತ್ರ ಅಲ್ಲಿಯ ಆಕಾಶ ನೀಲಿಯಾಗುವುದು.

ಮೂರನೆಯದು ಕೆನಡಾದ ಡೆವನ್ ದ್ವೀಪದ ಮಾತು. ಆ ದ್ವೀಪವು ಮಂಗಳನ ನೆಲವನ್ನು ಹೋಲುವ ಮರುಭೂಮಿಯಾದುದರಿಂದ ಅಲ್ಲಿ ಅಮೆರಿಕದವರು ಅಭ್ಯಾಸ ನಡೆಸಿರುವುದು ನಿಜ. ಆದರೆ ಗರಡಿಯಲ್ಲಿ ಸಾಧನೆ ಮಾಡಿದವನು ಅಖಾಡದಲ್ಲಿ ಕುಸ್ತಿಯನ್ನೇ ಮಾಡಲಿಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ಕ್ಯೂರಿಯಾಸಿಟಿಯು ಧುಮುಕುಕೊಡೆಯಲ್ಲಿ ಇಳಿಯುತ್ತಿದ್ದುದನ್ನೂ, ಅದರ ಗಾಲಿಯ ಗುರುತುಗಳನ್ನೂ ಮೇಲೆ ಸುತ್ತುವ ಇನ್ನೊಂದು ನೌಕೆಯು ಚಿತ್ರಿಸಿದೆ. “ಆ ನೌಕೆಯೂ ಅವರದೇ ಅಲ್ಲವೆ?” ಎಂದು ಕೇಳುವವರು ಮುಂದಿನ ಸಾಕ್ಷಿಯನ್ನು ಗಮನಿಸಬೇಕು. ೨೦೨೧ರ ಮೇ ತಿಂಗಳಲ್ಲಿ ಚೀನದ ಜುರಾಂಗ್ ಬಂಡಿ ಇಳಿದಾಗ ಅಮೆರಿಕದ ನೌಕೆಯು ಅದರ ಚಿತ್ರವನ್ನು ತೆಗೆಯಿತು. ೨೦೨೨ರಲ್ಲಿ ಚೀನದ ನೌಕೆಯು ಅಮೆರಿಕದ ಪರ್ಸೆವೆರೆನ್ಸ್ ಬಂಡಿಯ ಚಿತ್ರವನ್ನು ತೆಗೆಯಿತು. ಪರಸ್ಪರ ಪೈಪೋಟಿಯಲ್ಲಿರುವ ಇಬ್ಬರು ಒಬ್ಬರ ಪರವಾಗಿ ಒಬ್ಬರು ಸಾಕ್ಷಿ ನುಡಿದರೆ ಯಾವ ನ್ಯಾಯಾಧೀಶನೂ ಅದನ್ನು ತಳ್ಳಿಹಾಕಲಾರನು.

ವಿಚಿತ್ರವೇನೆಂದರೆ, ಬಂಡಿಯನ್ನು ನಂಬದವರಲ್ಲೇ ಕೆಲವರು ಅದು ಕಳುಹಿಸಿದ ಚಿತ್ರದಲ್ಲಿ ಮನುಷ್ಯನ ಮುಖವನ್ನೂ ಬಾಗಿಲನ್ನೂ ಕಾಣುತ್ತಾರೆ. ೨೦೨೨ರ ಮೇ ತಿಂಗಳಲ್ಲಿ ಹೀಗೆ ಹೆಸರಾದ ಬಾಗಿಲಿನ ಎತ್ತರ ಸುಮಾರು ಒಂದು ಅಡಿ. ಅದು ಬಂಡೆಯ ಬಿರುಕು ಮಾತ್ರ. ಮಂಗಳನು ಚಂದ್ರನಷ್ಟು ದೊಡ್ಡದಾಗಿ ಕಾಣುವನೆಂಬ ಸುದ್ದಿಯೂ ೨೦೦೩ರಿಂದ ಆಗಸ್ಟ್ ಬಂದಾಗಲೆಲ್ಲ ಹರಡುತ್ತಿರುವುದುಂಟು. ಆ ವರ್ಷ ಮಂಗಳನು ೫.೫೮ ಕೋಟಿ ಕಿಲೋಮೀಟರ್‌ಗಳಷ್ಟು ಸಮೀಪಕ್ಕೆ ಬಂದಿದ್ದಾಗಲೂ ಬರಿಗಣ್ಣಿಗೆ ಕೆಂಪಾದ ಚುಕ್ಕೆಯೇ ಆಗಿದ್ದನು. ವಿತಂಡೆಯವನು ಏನನ್ನೂ ನಂಬದವನೆಂದು ನಾವು ಭಾವಿಸುವುದು ತಪ್ಪು. ಪರೀಕ್ಷಿಸದೆ ನಂಬುವುದೂ ಪರೀಕ್ಷಿಸದೆ ಅಲ್ಲಗಳೆಯುವುದೂ ಅವನಲ್ಲಿ ಒಟ್ಟಿಗೇ ಇರುತ್ತವೆ.

ಸಂದೇಹವಾದಿಗಳ ಪಾಲಿನ ನ್ಯಾಯವನ್ನೂ ಹೇಳತಕ್ಕದ್ದು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ ೩ರ ಇಳಿಯುವಿಕೆಯನ್ನು ತೋರಿಸುವಾಗ ಗಣಕಯಂತ್ರದಲ್ಲಿ ಬರೆದ ಗೊಂಬೆಚಿತ್ರವನ್ನು ಬಳಸಿದರು. ಅದನ್ನು ನೇರವಾದ ಚಿತ್ರವೆಂದು ಭಾವಿಸಿದವರು ಬಳಿಕ “ಮೋಸ” ಎಂದರು. ಗೊಂಬೆಚಿತ್ರವನ್ನು ಗೊಂಬೆಚಿತ್ರವೆಂದು ಪರದೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆದಿದ್ದರೆ ಒಳ್ಳೆಯದಾಗುತ್ತಿದ್ದಿತು. ಮಂಗಳಯಾನಕ್ಕೆ ೪೫೦ ಕೋಟಿ ರೂಪಾಯಿ ಖರ್ಚು ಮಾಡಬೇಕಾಗಿದ್ದಿತೆ ಎಂಬ ಪ್ರಶ್ನೆಯೂ ತೆರಿಗೆ ಕೊಡುವ ಗೃಹಸ್ಥನಿಗೆ ಸಹಜವಾದುದು. ಆದರೆ ಖರ್ಚು ಯುಕ್ತವೆ ಎಂದು ಕೇಳುವುದು ಬೇರೆ, ಕೆಲಸವೇ ನಡೆದಿಲ್ಲವೆನ್ನುವುದು ಬೇರೆ.

ಸಂಶಯವು ನಿರ್ಣಯಕ್ಕೆ ಹೋಗುವ ದಾರಿ ಹೇಗಿರುತ್ತದೆಂಬುದಕ್ಕೆ ನಮ್ಮ ನೆರೆಯಲ್ಲೇ ಸೊಗಸಾದ ದೃಷ್ಟಾಂತವಿದೆ. ೨೦೧೯ರ ಸೆಪ್ಟೆಂಬರಿನಲ್ಲಿ ಚಂದ್ರಯಾನ ೨ರ ವಿಕ್ರಮ್ ನೌಕೆಯು ಚಂದ್ರನ ಸಮೀಪದಲ್ಲಿ ಸಂಪರ್ಕವನ್ನು ಕಳೆದುಕೊಂಡಿತು. ಅದು ಏನಾಯಿತೆಂಬ ಕುತೂಹಲ ಚೆನ್ನೈಯ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಅವರಿಗೆ ಉಂಟಾಯಿತು. ಅವರು ಯಾವ ಬಾಹ್ಯಾಕಾಶ ಸಂಸ್ಥೆಯಲ್ಲಿಯೂ ಇದ್ದವರಲ್ಲ. ಅಮೆರಿಕದವರು ಸಾರ್ವಜನಿಕರಿಗೆ ತೆರೆದಿಟ್ಟ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಮನೆಯಲ್ಲೇ ಕುಳಿತು ಚುಕ್ಕೆಚುಕ್ಕೆಯಾಗಿ ಹೋಲಿಸಿ ನೋಡಿ, ಹಿಂದೆ ಇಲ್ಲದಿದ್ದ ಒಂದು ಬಿಳಿಯ ಕಣವನ್ನು ಗುರುತಿಸಿದರು. ಡಿಸೆಂಬರಿನಲ್ಲಿ ಅಮೆರಿಕದ ಸಂಸ್ಥೆಯು ಅದು ವಿಕ್ರಮ್‌ನ ಚೂರೇ ಹೌದೆಂದು ಸಾರಿ, ಅವರ ಹೆಸರನ್ನು ಗೌರವದಿಂದ ಹೇಳಿತು. ಎಲ್ಲವೂ ಕಟ್ಟುಕಥೆಯಾಗಿದ್ದ ಪಕ್ಷದಲ್ಲಿ ಗೆಲುವನ್ನೇ ಕಟ್ಟುತ್ತಿದ್ದರು. ಜಗತ್ತೆಲ್ಲ ನೋಡುತ್ತಿರುವಾಗ ಸೋಲನ್ನು ಕಟ್ಟುವವರುಂಟೆ?

ಮಂಗಳನಲ್ಲಿ ಅಮೆರಿಕದ ಬಂಡಿಗಳು ತೆಗೆದ ಚಿತ್ರಗಳೂ ಹೀಗೆಯೇ ತಿದ್ದುವ ಮುನ್ನವೇ ಎಲ್ಲರಿಗೂ ತೆರೆದಿರುತ್ತವೆ. ನಮ್ಮ ಮಂಗಳಯಾನದ ಮೊದಲ ವರ್ಷದ ಮಾಹಿತಿಯನ್ನೂ ೨೦೧೬ರಲ್ಲಿ ಬಿಡುಗಡೆ ಮಾಡಿದ್ದಾರೆ. ಮನೆಯಲ್ಲಿ ಮಕ್ಕಳು “ಇದು ನಿಜವೆ?” ಎಂದು ಕೇಳಿದಾಗ ಗೃಹಸ್ಥರು ಹೌದೆಂದಾಗಲಿ ಅಲ್ಲವೆಂದಾಗಲಿ ಒಡನೆಯೇ ಹೇಳದಿರಲಿ. ಹೇಳಿದವರು ಯಾರು, ಅವರಿಗೆ ತಿಳಿದುದು ಹೇಗೆ, ಬೇರೆಯವರು ಅದನ್ನು ಪರೀಕ್ಷಿಸಿದ್ದಾರೆಯೆ ಎಂಬ ಮೂರು ಪ್ರಶ್ನೆಗಳನ್ನು ಮಗುವಿನೊಡನೆ ಕುಳಿತು ಕೇಳಿಕೊಳ್ಳಲಿ. ಹಾಗೆ ಬೆಳೆದ ಮಗುವು ನಾಳೆ ವೈದ್ಯನ ಮಾತನ್ನೂ ವ್ಯಾಪಾರಿಯ ಮಾತನ್ನೂ ನಮ್ಮ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗುವುದು. ಹಿರಿಯರಾದವರು ಅದಕ್ಕೆ ಬೇಸರಪಡದಿರುವುದೇ ವಿಹಿತ.