ಅಂಕಪಟ್ಟಿಯ ಖಾಲಿ ಮನೆ

ಶಾಲೆಗಳಲ್ಲಿ ಅಂಕಗಳ ವಹಿಯಿದ್ದ ಸ್ಥಾನಕ್ಕೆ ಈಗ ಅನೇಕ ಕಡೆ ಗಣಕಯಂತ್ರದ ಸ್ಪ್ರೆಡ್‌ಶೀಟ್ ಬಂದಿದೆ. ಅಡ್ಡಸಾಲು, ಕಂಬಸಾಲುಗಳಾಗಿ ಗೆರೆ ಎಳೆದ ದೊಡ್ಡ ಹಾಳೆಯೆಂದು ಇದನ್ನು ತಿಳಿದರೆ ಸಾಕು. ಗೆರೆಗಳ ನಡುವೆ ಚೌಕಾಬಾರದ ಪಟದಲ್ಲಿರುವಂತೆ ಮನೆಗಳು. ಒಂದೊಂದು ಮಗುವಿಗೆ ಒಂದು ಅಡ್ಡಸಾಲು, ಒಂದೊಂದು ಪರೀಕ್ಷೆಗೆ ಒಂದು ಕಂಬಸಾಲು. ಒಂದು ಮನೆಯ ಅಂಕಿಯನ್ನು ತಿದ್ದಿದರೆ ಮೊತ್ತವೂ ಸರಾಸರಿಯೂ ತಾವಾಗಿಯೇ ಸರಿಹೋಗುತ್ತವೆ.

ಈ ಸಾಧನ ಹುಟ್ಟಿದ್ದೂ ತರಗತಿಯ ಕೋಣೆಯಲ್ಲಿಯೇ ಎಂಬುದು ಸ್ವಾರಸ್ಯಕರ. 1978ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಯಾಗಿದ್ದ ಡ್ಯಾನ್ ಬ್ರಿಕ್ಲಿನ್ ಅವರು, ಕಪ್ಪುಹಲಗೆಯ ಮೇಲಿನ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಅಧ್ಯಾಪಕರು ಎಷ್ಟೋ ಅಂಕಿಗಳನ್ನು ಅಳಿಸಿ ಬರೆಯಬೇಕಾಗುವುದನ್ನು ಕಂಡರು. ಆ ಶ್ರಮವನ್ನು ತಪ್ಪಿಸುವ ಆಲೋಚನೆಯೇ ಬಾಬ್ ಫ್ರಾಂಕ್‌ಸ್ಟನ್ ಅವರ ಸಹಕಾರದಿಂದ 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ತಂತ್ರಾಂಶವಾಗಿ ಹೊರಬಂದಿತು. ಇಂದಿನ ಎಕ್ಸೆಲ್ ಮೊದಲಾದವು ಅದರ ಸಂತತಿ.

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಗಳಿಗೆ ಇಂಥ ಹಾಳೆಯ ಅಗತ್ಯವಿರಲಿಲ್ಲ. ಇದ್ದ ಹನ್ನೆರಡು ಹುಡುಗರಲ್ಲಿ ಯಾರಿಗೆ ಸಂಧಿ ತಿಳಿದಿಲ್ಲ, ಯಾರು ಪಾಠ ಒಪ್ಪಿಸುವಾಗ ಎಲ್ಲಿ ತಡವರಿಸುತ್ತಾರೆ ಎಂಬುದೆಲ್ಲ ಅವರ ಮನಸ್ಸಿನಲ್ಲಿಯೇ ಇರುತ್ತಿತ್ತು. ಮೂರು ವಿಭಾಗಗಳಲ್ಲಿ ನೂರೈವತ್ತು ಮಕ್ಕಳಿಗೆ ಪಾಠ ಹೇಳುವ ಇಂದಿನ ಉಪಾಧ್ಯಾಯರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ ಹಾಳೆ ಬೇಕು. ಆದರೆ ಅದನ್ನು ಓದುವ ಕ್ರಮವೂ ತಿಳಿದಿರಬೇಕು.

ಇಪ್ಪತ್ತೈದು ಅಂಕಗಳ ನಾಲ್ಕು ಕಿರುಪರೀಕ್ಷೆಗಳಲ್ಲಿ ಒಬ್ಬಳು 9, 13, 17, 21 ಪಡೆದಳೆನ್ನೋಣ. ಇನ್ನೊಬ್ಬನು 21, 17, 13, 9 ಪಡೆದನು. ಇಬ್ಬರ ಮೊತ್ತವೂ 60, ಸರಾಸರಿಯೂ 15. ಮೊತ್ತವನ್ನಷ್ಟೇ ನೋಡುವವರಿಗೆ ಇಬ್ಬರೂ ಸಮಾನರು. ಅಡ್ಡಸಾಲನ್ನು ಎಡದಿಂದ ಬಲಕ್ಕೆ ಓದಿದವರಿಗೆ ಒಬ್ಬಳು ಮೇಲೇರುತ್ತಿರುವುದೂ, ಇನ್ನೊಬ್ಬನ ಮನೆಯಲ್ಲಿಯೋ ಮನಸ್ಸಿನಲ್ಲಿಯೋ ಏನೋ ಕೆಟ್ಟಿರಬಹುದೆಂಬುದೂ ಕಾಣುತ್ತದೆ. ವಿಚಾರಿಸಬೇಕಾದುದು ಆ ಹುಡುಗನನ್ನು.

ಇದಕ್ಕಿಂತ ದೊಡ್ಡ ಪ್ರಮಾದವೊಂದನ್ನು ನಾವೇ ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ನಾವು ವ್ಯಾಕರಣ ಹೇಳಿಕೊಡಲು ಹೋಗುತ್ತಿದ್ದ ಒಂದು ಪ್ರೌಢಶಾಲೆಯಲ್ಲಿ, ಸರಾಸರಿ 15ಕ್ಕಿಂತ ಕಡಿಮೆಯಿದ್ದವರ ಹೆಸರುಗಳನ್ನು ಪ್ರಾರ್ಥನೆಯ ವೇಳೆ ಓದಿದರು. ಅದರಲ್ಲಿ ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗನ ಹೆಸರೂ ಬಂದಿತು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಹಾಳೆಯನ್ನು ತರಿಸಿ ನೋಡಿದೆವು: 18, 19, 0, 20. ಮೂರನೆಯ ಪರೀಕ್ಷೆಯ ದಿನ ಅವನು ತಾಯಿಯೊಡನೆ ಆಸ್ಪತ್ರೆಯಲ್ಲಿದ್ದನು. ಗೈರುಹಾಜರಿಯ ಮನೆಯನ್ನು ಖಾಲಿ ಬಿಡುವ ಬದಲು ಯಾರೋ ಸೊನ್ನೆ ತುಂಬಿದ್ದರು. ಗಣಕಯಂತ್ರದ ಸರಾಸರಿ ಸೂತ್ರವು ಖಾಲಿ ಮನೆಯನ್ನು ಎಣಿಕೆಗೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ಹೀಗಾಗಿ 19 ಆಗಬೇಕಿದ್ದ ಸರಾಸರಿ 14.25ಕ್ಕೆ ಇಳಿದಿತ್ತು. ಸೊನ್ನೆಯನ್ನು ಅಳಿಸಲು ಒಂದು ಕ್ಷಣ ಸಾಕಾಯಿತು. ಹುಡುಗನನ್ನು ಕರೆತರಲು ಮುಖ್ಯೋಪಾಧ್ಯಾಯರು ಎರಡು ಸಲ ಅವನ ಮನೆಗೆ ಹೋಗಬೇಕಾಯಿತು.

ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಓದುವುದೂ ಅಷ್ಟೇ ಮುಖ್ಯ. ‘ಗಣಿತ’ ಎಂಬ ಒಂದೇ ಕಂಬಸಾಲಿನ ಬದಲು ಕೂಡುವುದು, ಕಳೆಯುವುದು, ಭಿನ್ನರಾಶಿ, ಶೇಕಡಾ ಎಂದು ಬೇರೆ ಬೇರೆ ಮಾಡಿ, ಕಡಿಮೆ ಅಂಕದ ಮನೆಗಳಿಗೆ ಕೆಂಪು ಬಣ್ಣ ಬರುವಂತೆ ಸೂಚಿಸಿದರೆ ಯಂತ್ರವೇ ಬಣ್ಣ ತುಂಬುತ್ತದೆ. ಭಿನ್ನರಾಶಿಯ ಕಂಬಸಾಲು ಮುಕ್ಕಾಲು ಪಾಲು ಕೆಂಪಾಗಿದ್ದರೆ ಮಕ್ಕಳನ್ನು ದೂರುವುದು ಸಲ್ಲದು. ಆ ಪಾಠವನ್ನು ಮತ್ತೊಮ್ಮೆ ಮಾಡಬೇಕಾಗಿದೆ ಎಂದೇ ಅರ್ಥ. ಹೀಗೆಂದಾಗ ಮುಖ ಸಿಂಡರಿಸಿದ ಉಪಾಧ್ಯಾಯರೂ ಉಂಟು.

ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಇಡೀ ಹಾಳೆಯನ್ನು ಆಯ್ದುಕೊಳ್ಳಬೇಕು. ಹೆಸರಿನ ಕಂಬಸಾಲನ್ನು ಮಾತ್ರ ಜೋಡಿಸಿದರೆ ಒಬ್ಬರ ಅಂಕ ಇನ್ನೊಬ್ಬರ ಪಾಲಾಗುತ್ತದೆ. ಹಳೆಯ ಕನ್ನಡ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚಿಸಿದ ಹೆಸರುಗಳು ವರ್ಣಮಾಲೆಯ ಕ್ರಮಕ್ಕೆ ಬರುವುದಿಲ್ಲ. ಯೂನಿಕೋಡ್‌ನಲ್ಲಿ ಬರೆಯುವುದು ಲೇಸು.

ತಂದೆತಾಯಂದಿರಿಗೂ ಒಂದು ಮಾತು. ಇಡೀ ತರಗತಿಯ ಹಾಳೆಯನ್ನು ವಾಟ್ಸಾಪ್ ಗುಂಪಿಗೆ ಕಳುಹಿಸುವ ರೂಢಿ ಕೆಲವೆಡೆ ಇದೆ. ನೆರೆಮನೆಯ ಮಗುವಿನ ಅಂಕ ನಮಗೇಕೆ? ಪೋಷಕರ ಸಭೆಗೆ ಹೋದಾಗ ನಿಮ್ಮ ಮಗುವಿನ ಅಡ್ಡಸಾಲನ್ನು ಮಾತ್ರ ಕೇಳಿ ನೋಡಿರಿ. ಅದರಲ್ಲಿ ಸೊನ್ನೆಯಿದ್ದರೆ, ಆ ದಿನ ಮಗು ಪರೀಕ್ಷೆ ಬರೆದಿತ್ತೇ ಎಂದು ಮೊದಲು ವಿಚಾರಿಸಿರಿ.