ರಿಪೋರ್ಟ್ ಬರುವ ತನಕ: ಕೀಲು ನೋವಿನವರು ಕಾಯುವ ದಿನಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು

ಹೃದಯದ ಡಾಕ್ಟರಿಗೆ ಕೀಲುಗಳ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ.

ಠಾಣೆಯಲ್ಲಿರುವ ನನ್ನ ಅಕ್ಕನಿಗೆ 51 ವರ್ಷ. ಮಳೆಗಾಲ ಶುರುವಾದಾಗ ಫೋನ್ ಮಾಡಿ, "ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟೋಕೆ ಬರಲ್ಲ ಕಣೋ, ಚಪಾತಿ ಹಿಟ್ಟು ನಾದೋಕೂ ಆಗ್ತಿಲ್ಲ" ಎಂದಳು. "ಮುಟ್ಟು ನಿಲ್ಲುವ ವಯಸ್ಸು, ಕ್ಯಾಲ್ಸಿಯಂ ತಗೋ" ಎಂದು ಹೇಳಿ ಫೋನ್ ಇಟ್ಟೆ. ಎಂ.ಡಿ. ಓದಿದವನ ಸಲಹೆ ಇದು! ಗೌರಿ ಹಬ್ಬಕ್ಕೆ ಹೋದಾಗ ನೋಡುತ್ತೇನೆ, ಬೆರಳಿನಲ್ಲಿ ಉಂಗುರವಿಲ್ಲ. ಬೆರಳು ಊದಿ, ಉಂಗುರವನ್ನು ಕತ್ತರಿಸಿಯೇ ತೆಗೆಸಬೇಕಾಯಿತಂತೆ. ಬಿಪಿ ನೋಡಿದರೆ 168/102. ಮಾತ್ರೆಯಲ್ಲಿ ವರ್ಷಗಳಿಂದ 130ರ ಆಸುಪಾಸಿನಲ್ಲೇ ಇದ್ದ ಬಿಪಿ ಅದು. ಅಡುಗೆಮನೆಯ ಡಬ್ಬಿ ತೆರೆದಾಗ ವಿಷಯ ತಿಳಿಯಿತು. ಮೆಡಿಕಲ್ ಶಾಪಿನಿಂದ ನೇರವಾಗಿ ತಂದ ನೋವಿನ ಮಾತ್ರೆ, ದಿನಕ್ಕೆ ಎರಡರಂತೆ ಆರು ವಾರ.

ಫ್ಯಾಮಿಲಿ ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು ಎಂದರು. ಕೀಲುರೋಗ ತಜ್ಞರು, ಅಂದರೆ ರುಮಟಾಲಜಿಸ್ಟ್, ಸಿಗುವುದು ಐದು ವಾರದ ನಂತರ. ಆ ಐದು ವಾರಗಳ ಬಗ್ಗೆಯೇ ಈ ಬರಹ.

ಮೊದಲು, ಈ ಅನುಮಾನ ಬರುವುದು ಯಾವಾಗ? ಎರಡೂ ಕೈಗಳ ಸಣ್ಣ ಕೀಲುಗಳು, ಅಂದರೆ ಬೆರಳಿನ ಬುಡ, ನಡುಗೆಣ್ಣು, ಮಣಿಕಟ್ಟು, ಒಟ್ಟಿಗೆ ಊದಿ ನೋಯುವಾಗ. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ ಕಳೆದರೂ ಬಿಡದಿರುವಾಗ. ವಯಸ್ಸಿನ ಸವೆತದ ಮಂಡಿನೋವು ಸಾಮಾನ್ಯವಾಗಿ ನಡೆದಷ್ಟೂ ಹೆಚ್ಚಾಗುತ್ತದೆ, ಕೂತರೆ ಇಳಿಯುತ್ತದೆ. ಇದು ತದ್ವಿರುದ್ಧ, ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಕೈ ಬೆಳಿಗ್ಗೆ ಹೆಚ್ಚು ಹಟ ಮಾಡುತ್ತದೆ, ಕೆಲಸಕ್ಕೆ ಇಳಿದ ಮೇಲೆ ಸಡಿಲವಾಗುತ್ತದೆ. ನಮ್ಮ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವುದರಿಂದ ಬರುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಹಾಗೆಂದು ಕೈ ಊದಿದವರಿಗೆಲ್ಲ ಇದೇ ಅಲ್ಲ. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಥೇಟ್ ಹೀಗೆಯೇ ಕೈ ಹಿಡಿಯುವುದುಂಟು. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಅದು ಹಬ್ಬಿದ್ದು ನಿಮ್ಮ ಊರಿನವರಿಗೆ ನೆನಪಿರಬೇಕು. ಥೈರಾಯ್ಡ್ ತೊಂದರೆ, ಬೇರೆ ವೈರಸ್ ಜ್ವರ, ಸೋರಿಯಾಸಿಸ್ ಕೂಡ ಕೀಲಿಗೆ ಬರುತ್ತವೆ. ಆದ್ದರಿಂದ ಹಿಂದಿನ ತಿಂಗಳುಗಳಲ್ಲಿ ಜ್ವರ ಬಂದಿದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ.

ರಕ್ತ ಪರೀಕ್ಷೆಯ ಕಾಗದ ನೋಡಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. 'ಆರ್.ಎ. ಫ್ಯಾಕ್ಟರ್' ಪಾಸಿಟಿವ್ ಬಂದವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ಆರೋಗ್ಯವಾಗಿರುವ ವೃದ್ಧರಲ್ಲೂ, ಕೆಲವು ಸೋಂಕುಗಳಲ್ಲೂ ಅದು ಪಾಸಿಟಿವ್ ಬರುತ್ತದೆ. ಕಾಯಿಲೆ ಇದ್ದೂ ನೆಗೆಟಿವ್ ಬರುವವರೂ ಇದ್ದಾರೆ. 'ಆ್ಯಂಟಿ ಸಿಸಿಪಿ' ಎಂಬುದು ಇದಕ್ಕಿಂತ ನಂಬಿಕಸ್ಥ ಪರೀಕ್ಷೆ, ಆದರೂ ಅದೊಂದೇ ಸಾಲದು. ತಜ್ಞರು ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಎಷ್ಟು ವಾರದಿಂದ ಇದೆ ಎಂದು ಕೇಳಿ, ರಕ್ತದ ಫಲಿತಾಂಶ ಸೇರಿಸಿ ನಿರ್ಧರಿಸುತ್ತಾರೆ.

ಈಗ ನಾನು ಹೆಚ್ಚು ಹೇಳಬೇಕಾದ ವಿಷಯ, ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್ ಇವೆಲ್ಲ ಒಂದೇ ಕುಟುಂಬದವು. ಊತ ಇಳಿಸುತ್ತವೆ, ನಿಜ. ಆದರೆ ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಬಲ ಕುಂದಿಸುತ್ತವೆ. ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು. ಟೆಲ್ಮಿಸಾರ್ಟನ್ ಜೊತೆ ನೀರಿನ ಮಾತ್ರೆಯನ್ನೂ ನುಂಗುವವರು ಇದನ್ನೂ ಸೇರಿಸಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತೆಗೆದುಕೊಳ್ಳುವವರು ಐಬುಪ್ರೊಫೆನ್ ನುಂಗಿದರೆ ಆಸ್ಪಿರಿನ್ ಕೆಲಸವೇ ಕೆಡಬಹುದು. ಇದೇ ಕುಟುಂಬದ ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು ಹೃದಯಾಘಾತದ ಅಪಾಯದ ಕಾರಣಕ್ಕೆ 2004ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಬಿಪಿ, ಸಕ್ಕರೆ, ಹೃದಯ, ಕಿಡ್ನಿ, ಹೊಟ್ಟೆಹುಣ್ಣು ಇವುಗಳಲ್ಲಿ ಯಾವುದಾದರೂ ಇದ್ದವರು ಈ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಉಳಿದವರಿಗೂ ಡಾಕ್ಟರು ಹೇಳಿದಷ್ಟೇ ದಿನ, ಊಟದ ನಂತರ.

ಪ್ಯಾರಾಸಿಟಮಾಲ್ ಹೆಚ್ಚಿನವರಿಗೆ ಅದಕ್ಕಿಂತ ಸುರಕ್ಷಿತ. ಊತ ಇಳಿಸುವುದಿಲ್ಲ, ನೋವು ಸ್ವಲ್ಪ ತಗ್ಗಿಸುತ್ತದೆ. 650ರ ಮಾತ್ರೆ 24 ಗಂಟೆಯಲ್ಲಿ ನಾಲ್ಕು ಮೀರಬಾರದು. ಲಿವರ್ ತೊಂದರೆ ಇದ್ದವರು, ಮದ್ಯ ಸೇವಿಸುವವರು ಇನ್ನೂ ಕಡಿಮೆ, ಡಾಕ್ಟರನ್ನು ಕೇಳಿ. ಒಂದು ಮೋಸ ಇಲ್ಲಿದೆ. ಅಂಗಡಿಯಲ್ಲಿ ಕೊಡುವ ಅಸೆಕ್ಲೋಫೆನಾಕ್ ಮಾತ್ರೆಗಳಲ್ಲಿ ಬಹಳಷ್ಟು ಪ್ಯಾರಾಸಿಟಮಾಲ್ ಬೆರೆತೇ ಬಂದಿರುತ್ತವೆ. ಅದರ ಮೇಲೆ ಮತ್ತೆ ಜ್ವರದ ಮಾತ್ರೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಪಟ್ಟಿಯ ಹಿಂಬದಿ ಓದಿ, ಓದಲಾಗದಿದ್ದರೆ ಮಕ್ಕಳ ಕೈಲಿ ಫೋಟೊ ತೆಗೆಸಿ ದೊಡ್ಡದು ಮಾಡಿ ನೋಡಿ.

ಸ್ಟೀರಾಯ್ಡ್ ವಿಷಯ ಇನ್ನೂ ಗಂಭೀರ. "ಒಂದೇ ಡೋಸ್, ನಾಳೆ ಓಡಾಡ್ತೀರಿ" ಎಂದು ಕೊಡುವ ಪುಟ್ಟ ಬಿಳಿ ಮಾತ್ರೆ, ಹೆಸರಿಲ್ಲದ ಪುಡಿ ಪೊಟ್ಟಣ, ಇವುಗಳಲ್ಲಿ ಅದು ಇರುವ ಸಾಧ್ಯತೆ ಇದೆ. ನೋವು ಮಾಯವಾಗುತ್ತದೆ, ಸಕ್ಕರೆ ಮತ್ತು ಬಿಪಿ ಏರುತ್ತವೆ, ಊತ ಇಳಿದುಹೋಗಿ ತಜ್ಞರ ಮುಂದೆ ಕೂತಾಗ ಅವರಿಗೆ ಕಾಯಿಲೆಯೇ ಕಾಣುವುದಿಲ್ಲ. ಈಗಾಗಲೇ ವಾರಗಟ್ಟಲೆ ತೆಗೆದುಕೊಂಡಿದ್ದರೆ ಹೆದರಿ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರಿಗೆ ತೋರಿಸಿ ನಿಧಾನಕ್ಕೆ ಇಳಿಸಬೇಕು.

ಮನೆಯಲ್ಲಿ ಮಾಡಬಹುದಾದದ್ದು ಸರಳ. ಬೆಳಗಿನ ಬಿಗಿತಕ್ಕೆ ಹತ್ತು ನಿಮಿಷ ಬಿಸಿನೀರಿನಲ್ಲಿ ಕೈ ಇಟ್ಟು, ನೀರಿನಲ್ಲೇ ಮೆಲ್ಲಗೆ ಮುಷ್ಟಿ ಕಟ್ಟಿ ಬಿಡಿಸಿ. ಬಿಸಿಯಾಗಿ ಊದಿದ ಕೀಲಿಗೆ ಬಟ್ಟೆಯಲ್ಲಿ ಸುತ್ತಿದ ಐಸ್. ಪೂರ್ತಿ ಹಾಸಿಗೆ ಹಿಡಿಯಬೇಡಿ, ಕೀಲು ಇನ್ನಷ್ಟು ಬಿಗಿಯುತ್ತದೆ. ಆದರೆ ಬಟ್ಟೆ ಹಿಂಡುವುದು, ತುರಿಮಣೆಯಲ್ಲಿ ಕಾಯಿ ತುರಿಯುವುದು, ಮುದ್ದೆ ತೊಳಸುವುದು, ಕುಕ್ಕರ್ ಮುಚ್ಚಳ ತಿರುಗಿಸುವುದು ಈ ಕೆಲಸಗಳು ಬೇರೆಯವರ ಪಾಲಿಗೆ ಹೋಗಲಿ. ಲೋಕಲ್ ಟ್ರೈನಿನಲ್ಲಿ ಬೆರಳಿನಿಂದ ಹಿಡಿಕೆಗೆ ಜೋತಾಡುವ ಬದಲು ಕಂಬಕ್ಕೆ ತೋಳು ಸುತ್ತಿ ನಿಲ್ಲಿ. ಉಂಗುರ, ಬಳೆ ಬಿಗಿಯಾಗುವ ಮೊದಲೇ ತೆಗೆದಿಡಿ. ಬೀಡಿ ಸಿಗರೇಟು ಇದ್ದರೆ ಬಿಡಿ, ಈ ಕಾಯಿಲೆಗೂ ಹೃದಯಕ್ಕೂ ಅದು ಸಮಾನ ಶತ್ರು. ಗಂಡಸರಿಗೆ ಒಂದು ಮಾತು: ಹೊರಗಿನಿಂದ ಏನೂ ಕಾಣದ ದಿನವೂ ಅವಳಿಗೆ ಸುಸ್ತು ಇರುತ್ತದೆ. ಅದು ಸೋಮಾರಿತನ ಅಲ್ಲ.

ತಜ್ಞರ ಬಳಿ ಹೋಗುವಾಗ ಊತ ಇಳಿದಿರಬಹುದು. ಆದ್ದರಿಂದ ಊದಿದ ದಿನವೇ ಎರಡೂ ಕೈಯ ಫೋಟೊ ತೆಗೆದಿಡಿ. ಬಿಗಿತ ಎಷ್ಟು ನಿಮಿಷ ಇತ್ತು ಎಂದು ದಿನವೂ ಬರೆಯಿರಿ. ಪರಊರಿನಲ್ಲಿ ಇನ್ನೊಂದು ಕಷ್ಟವಿದೆ. ನಮ್ಮವರು ಹಿಂದಿಯಲ್ಲಿ ಎಲ್ಲವನ್ನೂ 'ದರ್ದ್' ಎಂದು ಮುಗಿಸುತ್ತಾರೆ, ಡಾಕ್ಟರಿಗೆ ಬೇಕಾದದ್ದು ಬಿಗಿತ ಮತ್ತು ಬಾವು. ಹಿಂದಿಯಲ್ಲಿ ಬಿಗಿತಕ್ಕೆ 'ಅಕಡನ್', ಬಾವಿಗೆ 'ಸೂಜನ್'. ಮರಾಠಿಯಲ್ಲಿ ಬಾವಿಗೆ 'ಸೂಜ್', ತಮಿಳಿನಲ್ಲಿ 'ವೀಕ್ಕಂ', ತೆಲುಗಿನಲ್ಲಿ 'ವಾಪು'. ಇಷ್ಟು ಕಲಿತು ಹೋಗಿ.

ಐದು ವಾರ ಹೆಚ್ಚು ಎನಿಸಿದರೆ ಸುಮ್ಮನೆ ಕೂರಬೇಡಿ. ಈ ಕಾಯಿಲೆಗೆ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧ ಶುರುವಾದರೆ ಕೀಲು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಯಾರಾದರೂ ಅಪಾಯಿಂಟ್‌ಮೆಂಟ್ ರದ್ದು ಮಾಡಿದರೆ ಕರೆಯಿರಿ ಎಂದು ಕ್ಲಿನಿಕ್ಕಿಗೆ ಹೇಳಿಡಿ. ಮುಂಬಯಿಯ ಕೆಇಎಂ, ಹೈದರಾಬಾದಿನ ನಿಮ್ಸ್, ದೆಹಲಿಯ ಏಮ್ಸ್, ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜು ಇಲ್ಲೆಲ್ಲ ರುಮಟಾಲಜಿ ವಿಭಾಗಗಳಿವೆ. ಮುಂದೆ ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ನೆನಪಿಡಿ, ಅದು ವಾರಕ್ಕೆ ಒಂದು ದಿನ ತೆಗೆದುಕೊಳ್ಳುವ ಔಷಧ. ದಿನವೂ ನುಂಗಿದರೆ ಪ್ರಾಣಕ್ಕೆ ಅಪಾಯ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಒಂದೇ ಕೀಲು ತಟ್ಟನೆ ಕೆಂಪಾಗಿ ಊದಿ ಜ್ವರ ಬಂದರೆ. ನೋವಿನ ಮಾತ್ರೆ ತಿನ್ನುವವರಿಗೆ ಮಲ ಟಾರಿನಂತೆ ಕಪ್ಪಾದರೆ. ಮೆಟ್ಟಿಲು ಹತ್ತುವಾಗ ಎಡ ಭುಜ ಅಥವಾ ದವಡೆ ನೋಯ್ದು, ನಿಂತರೆ ಇಳಿದರೆ ಅದು ಕೀಲು ನೋವಲ್ಲದಿರಬಹುದು, ಅದೇ ದಿನ ಇಸಿಜಿ ಮಾಡಿಸಿ. ರುಮಟಾಯ್ಡ್ ಇರುವವರಲ್ಲಿ ಹೃದಯದ ಕಾಯಿಲೆಯ ಅಪಾಯ ಇತರರಿಗಿಂತ ಸುಮಾರು ಒಂದೂವರೆ ಪಟ್ಟು. ಅದರ ಬಗ್ಗೆ ಮುಂದಿನ ಕಂತಿನಲ್ಲಿ ಬರೆಯುತ್ತೇನೆ.

ಅಕ್ಕನ ನೋವಿನ ಮಾತ್ರೆ ನಿಲ್ಲಿಸಿ ಹತ್ತು ದಿನಕ್ಕೆ ಬಿಪಿ 138ಕ್ಕೆ ಇಳಿಯಿತು. ನೋವು ಮಾತ್ರ ಹೆಚ್ಚಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಅವಳ ಆರ್.ಎ. ಫ್ಯಾಕ್ಟರ್ ನೆಗೆಟಿವ್, ಆ್ಯಂಟಿ ಸಿಸಿಪಿ ಇನ್ನೂ ಬರಬೇಕು. ಅಪಾಯಿಂಟ್‌ಮೆಂಟ್ ಬರುವ ಮಂಗಳವಾರ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಬಿಗಿತದ ನಿಮಿಷ ಬರೆಯುತ್ತಿದ್ದಾಳೆ. ನಿನ್ನೆಯದು 50.